ಅಜ್ಜನ ವಾಕಿಂಗ್ ಯಾವ ದಾರಿಯಲ್ಲಿ?

ದಿನಾ ನಡೆದಾಡಿದರೆ ಮೈಗೆ ಒಳ್ಳೆಯದು ಎನ್ನುತ್ತಾರೆ ಡಾಕ್ಟರು. ಆದರೆ ಎಲ್ಲಿ ನಡೆಯಬೇಕು? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದಾರೆ.

60 ವರ್ಷ ದಾಟಿದ 119 ಮಂದಿ ಇದರಲ್ಲಿ ಪಾಲ್ಗೊಂಡರು. ಕೆಲವರು ಆರೋಗ್ಯವಂತರು, ಕೆಲವರಿಗೆ ಶ್ವಾಸಕೋಶದ ಹಳೆಯ ಕಾಯಿಲೆ, ಉಳಿದವರಿಗೆ ಹೃದಯದ ತೊಂದರೆ. ಎಲ್ಲರೂ ಒಂದು ದಿನ ಹೈಡ್ ಪಾರ್ಕಿನ ಮರಗಳ ನಡುವೆ, ಇನ್ನೊಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿಗಳು ತುಂಬಿದ್ದ ಆಕ್ಸ್‌ಫರ್ಡ್ ಬೀದಿಯಲ್ಲಿ ಎರಡೆರಡು ಗಂಟೆ ನಡೆದರು.

2017ರ ಕೊನೆಯಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಬಂತು. ಪಾರ್ಕಿನಲ್ಲಿ ನಡೆದಾಗ ಶ್ವಾಸಕೋಶದ ಶಕ್ತಿ ಹೆಚ್ಚಿತು, ರಕ್ತನಾಳಗಳ ಬಿಗಿತ ತಗ್ಗಿತು. ಮರುದಿನವೂ ಆ ಲಾಭ ಉಳಿದಿತ್ತು. ಬೀದಿಯಲ್ಲಿ ನಡೆದಾಗ ಅಷ್ಟು ಲಾಭ ಸಿಗಲಿಲ್ಲ. ಶ್ವಾಸಕೋಶದ ಕಾಯಿಲೆಯವರಿಗಂತೂ ಕೆಮ್ಮು, ಏದುಸಿರು ಹೆಚ್ಚಾಯಿತು.

ಡೀಸೆಲ್ ಹೊಗೆಯ ಕಣಗಳು ಕೂದಲೆಳೆಯ ದಪ್ಪದ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನ ಕೂದಲಿಗೆ ಸಿಗದೆ ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳೇ, ನೀವೂ ಜೋಪಾನ! ಮೈತೂಕಕ್ಕೆ ಹೋಲಿಸಿದರೆ ನೀವು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತೀರಿ. ನಿಮ್ಮ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ.

ಹಾಗೆಂದು ನಡೆಯುವುದನ್ನು ಬಿಡಬೇಕಿಲ್ಲ, ದಾರಿ ಬದಲಿಸಿದರೆ ಸಾಕು. ದೊಡ್ಡ ರಸ್ತೆಯಿಂದ ದೂರ ಹೋದಂತೆ ಹೊಗೆ ಬೇಗ ತೆಳುವಾಗುತ್ತದೆ. ಒಳಬೀದಿ, ಕೆರೆ ಏರಿ, ಶಾಲೆಯ ಮೈದಾನ, ಪಾರ್ಕು – ನಿಮ್ಮೂರಿನಲ್ಲಿ ಯಾವುದಿದೆ? ಅಜ್ಜ, ಅಜ್ಜಿಯ ಜೊತೆಗೂಡಿ ಈ ಭಾನುವಾರವೇ ಹುಡುಕಿ. ಶಾಲೆಗೆ ನಡೆದು ಹೋಗುವವರು ಅಂಥದೇ ದಾರಿ ಹಿಡಿಯಿರಿ.