ಅರ್ಥಿಂಗ್ ಇದೆಯಾ, ಬರೀ ಮೂರನೇ ತೂತು ಇದೆಯಾ?

ತಾರ್ನಾಕದಲ್ಲಿ ಮೆಟ್ರೋ ಹತ್ತಿದ್ರೆ ನೇರ ಹೈಟೆಕ್ ಸಿಟಿ. ಹಾಗಾಗಿ ಇಲ್ಲಿನ ಹಳೇ ಮನೆಗಳಲ್ಲಿ ಬಾಡಿಗೆಗಿರೋ ನಮ್ಮವರಿಗೆ ಇವತ್ತಿನ ಮಾತು. ಎಸಿ, ಗೀಸರ್ ಬಂತು ಅಂತ ಓನರ್ ಹೊಸ ವೈರು, ಹೊಸ ಎಂಸಿಬಿ ಹಾಕಿಸ್ತಾರೆ. ಅರ್ಥಿಂಗ್ ಹಳೇದೇ ಉಳಿದಿರುತ್ತೆ, ಇಲ್ಲಾ ಇರೋದೇ ಇಲ್ಲ.

ಒಂದು ಲೆಕ್ಕ ನೋಡಿ. ಗೀಸರ್ ಒಳಗೆ ಫೇಸ್ ವೈರ್ ಬಾಡಿಗೆ ತಾಗಿತು ಅಂದ್ಕೊಳ್ಳಿ. ಆ ಕರೆಂಟು ಅರ್ಥ್ ಗುಂಡಿಯ ಮಣ್ಣಿನ ಮೂಲಕ ವಾಪಸ್ ಹೋಗಬೇಕು. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ರೆ, 230 ವೋಲ್ಟ್‌ಗೆ ಹರಿಯೋದು 11.5 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಬೀಳೋದೇ ಇಲ್ಲ! ಹೈದರಾಬಾದಿನದು ಬಂಡೆ ನೆಲ. ಬೇಸಿಗೆಯಲ್ಲಿ ಮಣ್ಣು ಒಣಗಿದ್ರೆ ರೆಸಿಸ್ಟೆನ್ಸ್ ಇನ್ನೂ ಏರುತ್ತೆ.

ಅದಕ್ಕೇ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ ಸಾಕು, ಕಟ್ ಮಾಡುತ್ತೆ. ಆದ್ರೆ ಅರ್ಥ್ ಇಲ್ಲದ ಮನೇಲಿ ಆ ವ್ಯತ್ಯಾಸ ಬರೋದು ಯಾರಾದ್ರೂ ಮುಟ್ಟಿದ ಮೇಲೆ. ಅರ್ಥ್ ಇದ್ರೆ ಮುಟ್ಟೋ ಮುಂಚೆಯೇ ಬೀಳುತ್ತೆ. ಎರಡೂ ಬೇಕು ಅನ್ನೋದು ಇದಕ್ಕೇ. ಇನ್ನೊಂದು ವಿಷ್ಯ: ಅದರ ಟೆಸ್ಟ್ ಬಟನ್ ಒತ್ತಿದಾಗ ಗೊತ್ತಾಗೋದು ಆರ್‌ಸಿಸಿಬಿಯ ಸ್ಥಿತಿ ಮಾತ್ರ, ಅರ್ಥಿಂಗ್‌ದಲ್ಲ.

ಬಾಂಡಿಂಗ್ ಅಂದ್ರೇನು? ಶಾಕ್ ಹೊಡೆಯೋದು ಎರಡು ಜಾಗದ ವೋಲ್ಟೇಜ್ ವ್ಯತ್ಯಾಸದಿಂದ; ಒಂದು ಕೈ ಗೀಸರ್ ಮೇಲೆ, ಇನ್ನೊಂದು ನಲ್ಲಿ ಮೇಲೆ. ಗೀಸರ್ ಬಾಡಿ, ಕಬ್ಬಿಣದ ಪೈಪು ಎಲ್ಲವನ್ನೂ ಹಸಿರು ವೈರಿಂದ ಒಂದೇ ಅರ್ಥ್‌ಗೆ ಜೋಡಿಸಿದ್ರೆ ಆ ವ್ಯತ್ಯಾಸ ತುಂಬಾ ಕಡಿಮೆ ಆಗುತ್ತೆ. ಪ್ಲಾಸ್ಟಿಕ್ ಪೈಪಿಗೆ ಇದು ಬೇಡ. ಆದ್ರೆ ನೀರಿನ ಪೈಪನ್ನೇ ಅರ್ಥ್ ಅಂತ ನಂಬಬೇಡಿ: ನಾಳೆ ಪ್ಲಂಬರ್ ನಡುವೆ ಒಂದು ತುಂಡು ಪ್ಲಾಸ್ಟಿಕ್ ಹಾಕಿದ್ರೆ ಅರ್ಥೇ ಹೋಯ್ತು.

ಎಲ್ಲಕ್ಕಿಂತ ಅಪಾಯ, ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕೋದು. ಹಿಂದೆಲ್ಲೋ ನ್ಯೂಟ್ರಲ್ ಕಡಿದ್ರೆ ವಾಷಿಂಗ್ ಮೆಷಿನ್ ಬಾಡಿಗೇ 230 ವೋಲ್ಟ್ ಬರುತ್ತೆ. ಈ ತುಂಡು ಇದ್ರೆ ಆರ್‌ಸಿಸಿಬಿ ಪದೇ ಪದೇ ಬೀಳಬಹುದು; ಆಗ ಅದನ್ನ ಬೈಪಾಸ್ ಮಾಡಿಸಬೇಡಿ, ತುಂಡು ತೆಗೆಸಿ.

ನೀವೇ ಡಿಬಿ ಬಾಕ್ಸ್ ಬಿಚ್ಚಬೇಡಿ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೆ ತೆಲುಗಲ್ಲೇ ಕೇಳಿ, “ಅರ್ಥ್ ರೆಸಿಸ್ಟೆನ್ಸ್ ಎಂತ ಉಂದಿ?” ಮೀಟರ್ ಇಟ್ಟು ಓಮ್‌ನಲ್ಲಿ ಒಂದು ಅಂಕಿ ಹೇಳಬೇಕು. “ಬಾಗುಂದಿ” ಅಂದ್ರೆ ಅದು ಉತ್ತರ ಅಲ್ಲ.