ಮೇಳ ಮುಗಿದ ಮರುದಿನ: ಮಿಲಾನ್‌ನಿಂದ ಒಂದು ದಿನದ ಪಯಣಗಳು

ಇಟಲಿಯ ಮಿಲಾನ್ ನಗರದ ಹೊರವಲಯದಲ್ಲಿರುವ ರೋ ಮೇಳಾಂಗಣವು 2005ರಲ್ಲಿ ಆರಂಭವಾದಂದಿನಿಂದ ನಮ್ಮ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಪರಿಚಿತ ಸ್ಥಳವಾಗಿದೆ. 2021ರ ಎಮೊ ಯಂತ್ರೋಪಕರಣ ಮೇಳ ಹಾಗೂ 2023ರ ಇಟ್ಮಾ ಜವಳಿ ಯಂತ್ರಗಳ ಮೇಳ ನಡೆದುದು ಇಲ್ಲಿಯೇ. ಪಾದರಕ್ಷೆಗಳ ಮಿಕಾಮ್ ಮೇಳವಂತೂ ವರ್ಷಕ್ಕೆರಡು ಬಾರಿ ಏರ್ಪಡುತ್ತದೆ. ನಾಲ್ಕು ದಿನ ಮಳಿಗೆಯಿಂದ ಮಳಿಗೆಗೆ ನಡೆದು, ಕ್ಯಾಟಲಾಗುಗಳ ಹೊರೆ ಹೊತ್ತು, ದರಪಟ್ಟಿಗಳನ್ನು ಪಡೆದ ಮೇಲೆ ಬಹುತೇಕರಿಗೆ ವಿಮಾನದ ದಿನಾಂಕಕ್ಕೆ ಮುನ್ನ ಒಂದೆರಡು ದಿನಗಳು ಉಳಿಯುತ್ತವೆ. ಈ ದಿನಗಳನ್ನು ಹೇಗೆ ಕಳೆಯಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

ಈ ದಿನಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ವ್ಯರ್ಥವಾಗುತ್ತವೆ. ಕೆಲವರು ಹೋಟೆಲ್ ಕೋಣೆಯಲ್ಲೇ ಮಲಗಿ, ಸಂಜೆ ದುವೋಮೊ ಚೌಕದ ಅಂಗಡಿ ಸಾಲಿನಲ್ಲಿ ಸುತ್ತಿ ಬರುತ್ತಾರೆ. ಮತ್ತೆ ಕೆಲವರು ಏಜೆಂಟರ ಮಾತಿಗೆ ಒಪ್ಪಿ ಒಂದೇ ದಿನದಲ್ಲಿ ವೆನಿಸ್ ನೋಡಿ ಬರಲು ಹೊರಡುತ್ತಾರೆ. ಅತಿವೇಗದ ರೈಲಿನಲ್ಲೂ ವೆನಿಸ್‌ಗೆ ಹೋಗಲು ಸುಮಾರು ಎರಡೂವರೆ ಗಂಟೆ, ಬರಲು ಅಷ್ಟೇ ಸಮಯ ಬೇಕು. ಐದು ಗಂಟೆಗಳ ಕಾಲ ಕಿಟಕಿಯ ಪಕ್ಕ ಕುಳಿತು, ನಡುವಿನ ಅವಧಿಯಲ್ಲಿ ಜನಜಂಗುಳಿಯೊಳಗೆ ಓಡಾಡಿದವರು ಮೇಳದಿಂದಾದ ದಣಿವಿಗೆ ಇನ್ನಷ್ಟನ್ನು ಸೇರಿಸಿಕೊಂಡು ಮರಳುತ್ತಾರೆ. ಮರುದಿನ ಯಂತ್ರ ತಯಾರಕರೊಡನೆ ಬೆಲೆ ಮಾತನಾಡುವುದು ಬಾಕಿಯಿದ್ದರೆ ಆ ದಣಿವಿಗೆ ತೆರಬೇಕಾದ ಬೆಲೆ ಟಿಕೆಟಿನ ಬೆಲೆಗಿಂತ ಹೆಚ್ಚು.

ವೀಸಾ, ವಿಮಾನ, ಹೋಟೆಲುಗಳ ಖರ್ಚು ಆಗಿಹೋಗಿರುವಾಗ ಉಳಿದ ದಿನಕ್ಕೆ ತಗಲುವುದು ಬಹಳವಾದರೆ ರೈಲಿನ ಟಿಕೆಟ್ ಮತ್ತು ಒಂದು ಊಟ. ಮಿಲಾನ್‌ನಿಂದ ಒಂದು ಗಂಟೆಯ ಆಸುಪಾಸಿನಲ್ಲಿಯೇ ರೇಷ್ಮೆ, ಹತ್ತಿ, ಚರ್ಮ, ಮರ ಇವುಗಳಿಂದ ಬಾಳಿದ ಊರುಗಳಿವೆ. ದಿನಕ್ಕೆ ಒಂದೇ ಊರು, ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಏಳಕ್ಕೆ ಮರಳುವುದು: ಈ ಮಿತಿಯೊಳಗೆ ಯೋಜಿಸಿದರೆ ವಿಶ್ರಾಂತಿಯೂ ದೊರೆಯುತ್ತದೆ, ವ್ಯಾಪಾರಿಯ ಕಣ್ಣಿಗೆ ಕೆಲಸವೂ ಸಿಗುತ್ತದೆ.

ಕೊಮೊ: ಗೂಡಿಲ್ಲದ ರೇಷ್ಮೆ ನಗರ

ನಮ್ಮ ರಾಜ್ಯದವರು ಮೊದಲು ನೋಡಬೇಕಾದ ಊರು ಕೊಮೊ ಎಂಬುದು ಈ ಲೇಖಕನ ಅಭಿಪ್ರಾಯ. ಮಿಲಾನ್‌ನ ಕದೋರ್ನಾ ನಿಲ್ದಾಣದಿಂದ ಸುಮಾರು ಒಂದು ಗಂಟೆಯಲ್ಲಿ ರೈಲು ಸರೋವರದ ದಡದಲ್ಲೇ ಇಳಿಸುತ್ತದೆ. ಚೆಂತ್ರಾಲೆ ನಿಲ್ದಾಣದಿಂದ ಹೊರಡುವ ರೈಲುಗಳು ಇನ್ನೂ ಬೇಗ ತಲುಪುವುದಾದರೂ ಅವು ನಿಲ್ಲುವುದು ಊರಿನ ಇನ್ನೊಂದು ನಿಲ್ದಾಣದಲ್ಲಿ. ವಿರಾಮವಾಗಿ ಹೋಗುವವರಿಗೆ ಕದೋರ್ನಾ ಮಾರ್ಗವೇ ಲೇಸು.

ಕೊಮೊ ಇಂದಿಗೂ ಯೂರೋಪಿನ ರೇಷ್ಮೆ ವಸ್ತ್ರೋದ್ಯಮದ ಪ್ರಮುಖ ಕೇಂದ್ರ. ಆದರೆ ಸುತ್ತಮುತ್ತ ಎಲ್ಲಿಯೂ ಹಿಪ್ಪುನೇರಳೆ ತೋಟಗಳ ಸಾಲು ಕಾಣಸಿಗದು. ಒಂದು ಕಾಲಕ್ಕೆ ಉತ್ತರ ಇಟಲಿಯ ರೈತಕುಟುಂಬಗಳು ಮನೆಯಲ್ಲೇ ಹುಳು ಸಾಕಿ ಗೂಡು ಮಾರುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ಆ ಕಸುಬು ಬಹುಮಟ್ಟಿಗೆ ಅಳಿಯಿತು. ಈಗ ಕಚ್ಚಾ ರೇಷ್ಮೆ ಮುಖ್ಯವಾಗಿ ಚೀನಾದಿಂದ ಬರುತ್ತದೆ. ಕೊಮೊ ತನ್ನಲ್ಲಿ ಉಳಿಸಿಕೊಂಡಿರುವುದು ವಿನ್ಯಾಸ, ಬಣ್ಣಗಾರಿಕೆ, ಅಚ್ಚು ಹಾಗೂ ಫಿನಿಶಿಂಗ್ ಕೆಲಸಗಳನ್ನು. ನೂಲು ಹೊರಗಿನದು, ಹೆಸರು ಮತ್ತು ಲಾಭ ಒಳಗಿನದು. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆ ಬಲ್ಲವರು, ದೇಶದಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ತಯಾರಿಸುವ ರಾಜ್ಯದಿಂದ ಹೋದವರು, ಈ ವಿಷಯವನ್ನು ಅಲ್ಲಿ ನಿಂತು ಯೋಚಿಸಿದರೆ ಬೇರೆಯೇ ಬಗೆಯಲ್ಲಿ ಅರ್ಥವಾಗುತ್ತದೆ. 1910ರ ದಶಕದಲ್ಲಿ ಮೈಸೂರು ಸಂಸ್ಥಾನವು ರೇಷ್ಮೆ ಕೃಷಿಯ ಸುಧಾರಣೆಗಾಗಿ ಇಟಲಿಯ ತಜ್ಞರನ್ನು ಕರೆಸಿಕೊಂಡಿತ್ತೆಂಬುದನ್ನು ನೆನೆದರೆ, ಹುಳು ಸಾಕುವುದನ್ನು ಹೇಳಿಕೊಟ್ಟವರು ಅದನ್ನು ಬಿಟ್ಟು ಅಂಗಡಿಯ ಕಡೆಯ ಕೆಲಸವನ್ನು ಹಿಡಿದುಕೊಂಡದ್ದು ಸೋಜಿಗವೆನಿಸುತ್ತದೆ.

ರೇಷ್ಮೆ ತಾಂತ್ರಿಕ ಶಿಕ್ಷಣಕ್ಕಾಗಿ 1868ರಲ್ಲಿ ಸ್ಥಾಪಿತವಾದ ಸೆತಿಫೀಚೊ ಸಂಸ್ಥೆಯ ಕಟ್ಟಡದಲ್ಲಿಯೇ 1990ರಲ್ಲಿ ರೇಷ್ಮೆ ವಸ್ತುಸಂಗ್ರಹಾಲಯ ತೆರೆಯಿತು. ಹುಳುವಿನಿಂದ ಮೊದಲ್ಗೊಂಡು ಹುರಿ ಮಾಡುವ ದೊಡ್ಡ ಮರದ ಯಂತ್ರ, ಮಗ್ಗಗಳು, ಬಣ್ಣದ ಪ್ರಯೋಗಶಾಲೆ, ಅಚ್ಚಿನ ಚೌಕಟ್ಟುಗಳವರೆಗೆ ಎಲ್ಲವನ್ನೂ ಕೆಲಸದ ಕ್ರಮದಲ್ಲಿ ಇರಿಸಲಾಗಿದೆ. ರೀಲರುಗಳು, ನೇಕಾರರು, ಬಣ್ಣಗಾರರು ಇಲ್ಲಿ ಎರಡು ಗಂಟೆ ಕಳೆದರೂ ಬೇಸರವಾಗದು. ಕುಟುಂಬದೊಡನೆ ಬಂದಿದ್ದರೆ ಮಾತ್ರ ಒಂದು ಗಂಟೆಯಲ್ಲಿ ಹೊರಬರುವುದು ಗೃಹಶಾಂತಿಗೆ ಒಳ್ಳೆಯದು.

ಮಧ್ಯಾಹ್ನದ ನಂತರ ದಡದ ಬಳಿಯಿಂದ ಬ್ರುನಾತೆ ಗುಡ್ಡಕ್ಕೆ ಏರುವ ಹಗ್ಗದೆಳೆತದ ರೈಲನ್ನು ಹತ್ತಬಹುದು. 1894ರಿಂದ ಓಡುತ್ತಿರುವ ಈ ರೈಲು ಏಳೆಂಟು ನಿಮಿಷಗಳಲ್ಲಿ ಮೇಲಕ್ಕೊಯ್ಯುತ್ತದೆ. ವಿದ್ಯುತ್ಕೋಶವನ್ನು ಕಂಡುಹಿಡಿದ ಅಲೆಸಾಂದ್ರೊ ವೋಲ್ಟ ಹುಟ್ಟಿದ ಊರು ಕೊಮೊ. ನಮ್ಮ ಮನೆಯ ಬಲ್ಬಿನ ಮೇಲೆ ಬರೆದಿರುವ ವೋಲ್ಟ್ ಆತನ ಹೆಸರೇ. ಒಂದು ಎಚ್ಚರಿಕೆ: ಇಲ್ಲಿಂದ ಬೆಲ್ಲಾಜೊ ಎಂಬ ಪ್ರಸಿದ್ಧ ಊರಿಗೆ ನಿಧಾನದ ದೋಣಿಯಲ್ಲಿ ಸುಮಾರು ಎರಡು ಗಂಟೆ ಬೇಕು. ಅದನ್ನು ಇದೇ ದಿನಕ್ಕೆ ಸೇರಿಸಲು ಹೋಗಬಾರದು. ಬೆಲ್ಲಾಜೊ ನೋಡಲೇಬೇಕೆಂದಿರುವವರು ಇನ್ನೊಂದು ದಿನ ಚೆಂತ್ರಾಲೆಯಿಂದ ರೈಲು ಹಿಡಿದು, ಸುಮಾರು ಒಂದು ಗಂಟೆಯ ಬಳಿಕ ವರೆನ್ನಾದಲ್ಲಿ ಇಳಿದರೆ ಅಲ್ಲಿಂದ ದೋಣಿಗೆ ಕಾಲು ಗಂಟೆ ಸಾಕು. ಹೋಗುವಾಗ ರೈಲಿನ ಎಡಬದಿಯಲ್ಲಿ ಕುಳಿತರೆ ಸರೋವರ ಕಾಣುತ್ತದೆ.

ಹತ್ತಿ ಗಿರಣಿಯ ಹಳ್ಳಿ

ಕ್ರೆಸ್ಪಿ ದಾದ್ದಾ ಎಂಬ ಹಳ್ಳಿಯ ಹೆಸರನ್ನು ಪ್ರವಾಸಿ ಏಜೆಂಟರು ಹೇಳುವುದು ವಿರಳ. 1878ರಲ್ಲಿ ಕ್ರಿಸ್ತೋಫೊರೊ ಬೆನಿನ್ಯೊ ಕ್ರೆಸ್ಪಿ ಎಂಬ ಉದ್ಯಮಿ ಅದ್ದಾ ನದಿಯ ನೀರಿನ ಬಲವನ್ನು ನೆಚ್ಚಿ ಇಲ್ಲಿ ಹತ್ತಿ ಗಿರಣಿ ಹೂಡಿದರು. ಜತೆಯಲ್ಲೇ ಕಾರ್ಮಿಕರಿಗೆ ಕೈತೋಟವಿರುವ ಮನೆಗಳು, ಶಾಲೆ, ಆಸ್ಪತ್ರೆ, ಇಗರ್ಜಿ, ಕಡೆಗೆ ಸ್ಮಶಾನವನ್ನೂ ಕಟ್ಟಿಸಲಾಯಿತು. ಮಾಲೀಕರ ಬಂಗಲೆ ಕೋಟೆಯಂತಿದೆ, ಅವರ ಸಮಾಧಿ ಇಡೀ ಸ್ಮಶಾನವನ್ನು ಮೇಲಿನಿಂದ ನೋಡುವಂತೆ ಎದ್ದು ನಿಂತಿದೆ. 1929ರ ಆರ್ಥಿಕ ಕುಸಿತದ ಹೊಡೆತಕ್ಕೆ ಕುಟುಂಬದವರು ಎಲ್ಲವನ್ನೂ ಕೈಬಿಡಬೇಕಾಯಿತು. ಗಿರಣಿ ಬೇರೆಬೇರೆ ಕೈಗಳಿಗೆ ಬದಲಾಗುತ್ತ ಈ ಶತಮಾನದ ಆರಂಭದವರೆಗೆ ನಡೆಯಿತು. 1995ರಲ್ಲಿ ಯುನೆಸ್ಕೊ ಈ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಗಳಲ್ಲಿ ಇಂದಿಗೂ ಜನ ವಾಸಿಸುತ್ತಾರೆ.

ಘಟಪ್ರಭೆಯ ನೀರಿನ ಬಲದಿಂದ ಅದೇ ಕಾಲದಲ್ಲಿ ಎದ್ದ ಗೋಕಾಕ ಗಿರಣಿಯನ್ನೂ ಅದರ ಕಾರ್ಮಿಕ ವಸತಿಯನ್ನೂ ಕಂಡವರಿಗೆ ಇದು ಅಪರಿಚಿತ ದೃಶ್ಯವಲ್ಲ. ಹಳ್ಳಿಗೆ ನೇರ ರೈಲಿಲ್ಲ. ಬಸ್ಸು ಬದಲಿಸಬೇಕು ಅಥವಾ ನಾಲ್ವರು ಸೇರಿ ಟ್ಯಾಕ್ಸಿ ಮಾಡಿಕೊಳ್ಳಬೇಕು. ಹಾಗಾಗಿ ಎಲ್ಲರಿಗೂ ಶಿಫಾರಸು ಮಾಡುವಂತಿಲ್ಲ. ಗಿರಣಿ ನಡೆಸಿದವರಾಗಲಿ, ಮುಚ್ಚಿದ್ದನ್ನು ಕಂಡವರಾಗಲಿ ಹೋದರೆ ಮಾತ್ರ ಬೇಗ ಹಿಂದಿರುಗಲಾರರು.

ಉಳಿದ ಊರುಗಳು

ಚರ್ಮ ಹಾಗೂ ಪಾದರಕ್ಷೆಯ ವ್ಯಾಪಾರಿಗಳಿಗೆ ವಿಜೇವನೊ ತಕ್ಕ ಊರು. 1490ರ ದಶಕದಲ್ಲಿ ನಿರ್ಮಾಣವಾದ ಅದರ ದುಕಾಲೆ ಚೌಕವು ಇಟಲಿಯ ಅತಿ ಸುಂದರ ಚೌಕಗಳಲ್ಲೊಂದೆಂದು ಹೆಸರಾಗಿದೆ. ಪಕ್ಕದ ಕೋಟೆಯಲ್ಲಿ ಪಾದರಕ್ಷೆಗಳದೇ ವಸ್ತುಸಂಗ್ರಹಾಲಯವಿದೆ. ಇಲ್ಲಿನ ಹಲವು ಶೂ ಕಾರ್ಖಾನೆಗಳು ಸ್ಪರ್ಧೆಯಲ್ಲಿ ಸೊರಗಿದವು. ಶೂ ತಯಾರಿಸುವ ಯಂತ್ರಗಳ ತಯಾರಿಕೆ ಉಳಿದುಕೊಂಡಿತು.

ಕ್ರೆಮೊನಾ ಪಿಟೀಲಿನ ಊರು. 1737ರಲ್ಲಿ ತೀರಿಕೊಂಡ ಸ್ತ್ರಾದಿವಾರಿಯ ಕಸುಬನ್ನು ಇಂದಿಗೂ ನೂರಕ್ಕೂ ಹೆಚ್ಚು ಕಾರ್ಯಾಗಾರಗಳು ಮುಂದುವರಿಸಿವೆ. ಎಪ್ಪತ್ತಕ್ಕೂ ಹೆಚ್ಚು ಮರದ ತುಂಡುಗಳನ್ನು ಕೈಯಿಂದಲೇ ಜೋಡಿಸಿ ಒಂದು ಪಿಟೀಲು ಮಾಡುವ ಈ ಕೌಶಲವನ್ನು ಯುನೆಸ್ಕೊ 2012ರಲ್ಲಿ ಮಾನ್ಯ ಮಾಡಿತು. ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ.

ಅರ್ಧ ದಿನವಷ್ಟೇ ಇದ್ದರೆ ಬೆರ್ಗಮೊ ಸಾಕು. ಸುಮಾರು ಐವತ್ತು ನಿಮಿಷಗಳ ರೈಲು ಪ್ರಯಾಣದ ಬಳಿಕ, 1887ರ ಹಗ್ಗದೆಳೆತದ ರೈಲಿನಲ್ಲಿ ಮೇಲೂರಿಗೆ ಹೋಗಿ, ವೆನಿಸ್ ಗಣರಾಜ್ಯವು 1561ರಿಂದ ಕಟ್ಟಿಸಿದ ಕೋಟೆಗೋಡೆಯ ಮೇಲೆ ನಡೆದು ಬರಬಹುದು.

ಸ್ವಿಟ್ಜರ್ಲೆಂಡಿನ ಲುಗಾನೊ ಕೊಮೊದ ಪಕ್ಕದಲ್ಲೇ ಇರುವುದರಿಂದ ಆಸೆ ಹುಟ್ಟುವುದು ಸಹಜ. 2008ರಿಂದ ಆ ದೇಶವೂ ಷೆಂಗೆನ್ ವ್ಯವಸ್ಥೆಯಲ್ಲಿದೆ, ಪ್ರತ್ಯೇಕ ವೀಸಾ ಬೇಡ. ಆದರೆ ಯೂರೋಪ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲಿಲ್ಲ. ಮೇಳದಲ್ಲಿ ಸಂಗ್ರಹಿಸಿದ ಸ್ಯಾಂಪಲ್‌ಗಳ ಚೀಲದೊಡನೆ ಗಡಿ ದಾಟಿದರೆ ಸುಂಕದವರ ಪ್ರಶ್ನೆಗಳಿಗೆ ಉತ್ತರಿಸಬೇಕಾದೀತು. ಚೀಲ ಹೋಟೆಲಿನಲ್ಲಿರಲಿ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ರೈಲು, ಊಟ, ಖರೀದಿ

ಅತಿವೇಗದ ರೈಲುಗಳ ದರ ವಿಮಾನದಂತೆ ಏರಿಳಿಯುತ್ತದೆ. ಮೇಲೆ ಹೇಳಿದ ಊರುಗಳಿಗೆ ಹೋಗುವ ಪ್ರಾದೇಶಿಕ ರೈಲುಗಳ ದರ ಸ್ಥಿರ, ಆಸನ ಕಾದಿರಿಸುವ ಅಗತ್ಯವಿಲ್ಲ, ಒಂದು ತಪ್ಪಿದರೆ ಮುಂದಿನದು ಸಿಗುತ್ತದೆ. ವಿರಾಮದ ಪಯಣದ ಗುಟ್ಟು ಬಹುಪಾಲು ಇದರಲ್ಲೇ ಇದೆ. ಇಡೀ ಲೊಂಬಾರ್ದಿ ಪ್ರಾಂತದ ಪ್ರಾದೇಶಿಕ ರೈಲು, ಬಸ್ಸು, ಮೆಟ್ರೋಗಳಿಗೆ ಸಲ್ಲುವ ಒಂದು ದಿನದ ಪಾಸೂ ಉಂಟು. ಕಾಗದದ ಟಿಕೆಟನ್ನು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ದಂಡ ಬೀಳುತ್ತದೆ. ಇಟಲಿಯಲ್ಲಿ ರೈಲು ಮುಷ್ಕರಗಳು ಹೊಸತಲ್ಲ, ಮುಂಚಿತವಾಗಿಯೇ ಪ್ರಕಟಿಸಿ ನಡೆಸುತ್ತಾರೆ. ಆದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕನಿಷ್ಠ ಸೇವೆ ಇರಲೇಬೇಕೆಂಬ ನಿಯಮವಿದೆ. ಬಾಡಿಗೆ ಕಾರಿನ ಯೋಚನೆ ಬೇಡ. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ವಾಹನಗಳು ಹೋಗುವಂತಿಲ್ಲ. ಕ್ಯಾಮೆರಾ ಹಿಡಿದ ದಂಡದ ಚೀಟಿ ತಿಂಗಳುಗಳ ನಂತರ ಬೆಂಗಳೂರಿನ ವಿಳಾಸವನ್ನೂ ಹುಡುಕಿಕೊಂಡು ಬರಬಹುದು. ಸೋಮವಾರ ಬಹಳಷ್ಟು ವಸ್ತುಸಂಗ್ರಹಾಲಯಗಳಿಗೆ ರಜೆ. ಆಗಸ್ಟ್ ಮಧ್ಯದಲ್ಲಿ ಕಾರ್ಖಾನೆ, ಅಂಗಡಿಗಳೂ ಬಾಗಿಲು ಹಾಕುತ್ತವೆ.

ಸಸ್ಯಾಹಾರಿಗಳು ಕೇಳಿ ತಿಳಿಯಬೇಕಾದ ಸಂಗತಿಗಳಿವೆ. ರಿಸೊತ್ತೊ ಎಂಬ ಅನ್ನದ ಪದಾರ್ಥವನ್ನು ಸಾಮಾನ್ಯವಾಗಿ ಮಾಂಸದ ಕಟ್ಟಿನಲ್ಲಿ ಬೇಯಿಸುತ್ತಾರೆ. ಪಾರ್ಮೆಸನ್, ಗ್ರಾನಾ ಗಿಣ್ಣುಗಳಿಗೆ ಹಾಲು ಒಡೆಸಲು ಬಳಸುವುದು ಕರುವಿನ ಜಠರದಿಂದ ತೆಗೆದ ರೆನೆಟ್. ಗಿಣ್ಣಿಲ್ಲದ ಟೊಮೇಟೊ ಪೀಟ್ಸಾಕ್ಕೆ ಮರಿನಾರಾ ಎನ್ನುತ್ತಾರೆ, ಅದು ನಿಶ್ಚಿಂತೆಯದು. ಮಧ್ಯಾಹ್ನ ಎರಡೂವರೆಯ ನಂತರ ಅನೇಕ ಹೋಟೆಲುಗಳ ಅಡುಗೆಮನೆ ಮುಚ್ಚಿದರೆ ಸಂಜೆ ಏಳೂವರೆಗೇ ತೆರೆಯುವುದು. ಬಿಲ್ಲಿನಲ್ಲಿ ಕಾಣುವ ಕೊಪೆರ್ತೊ ಎಂಬುದು ಮೇಜಿನ ಶುಲ್ಕ, ಮೋಸವಲ್ಲ.

ಕೊಮೊದಲ್ಲಿ ಮನೆಯವರಿಗೆಂದು ರೇಷ್ಮೆ ವಸ್ತ್ರ ಕೊಂಡರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಮರುಪಾವತಿಯ ಪತ್ರ ಪಡೆಯಬಹುದು. 2024ರ ಫೆಬ್ರವರಿಯಿಂದ ಒಂದೇ ಅಂಗಡಿಯಲ್ಲಿ 70 ಯೂರೋ ಮೀರಿದ ಖರೀದಿಗೆ ಈ ಸೌಲಭ್ಯ ಅನ್ವಯಿಸುತ್ತದೆ. ಅದಕ್ಕೆ ಮುನ್ನ ಮಿತಿ 154.94 ಯೂರೋ ಇತ್ತು. ಸ್ವಂತ ಬಳಕೆಯ ವಸ್ತುಗಳಿಗಷ್ಟೇ ಇದು ಸಲ್ಲುತ್ತದೆ, ಮಾರಾಟದ ಸರಕಿಗಲ್ಲ. ಯೂರೋಪ್ ಒಕ್ಕೂಟದಿಂದ ಹೊರಬೀಳುವ ಕೊನೆಯ ವಿಮಾನ ನಿಲ್ದಾಣದಲ್ಲಿ ಸುಂಕ ಇಲಾಖೆಯ ಅನುಮೋದನೆ ಆಗಬೇಕು. ವಸ್ತುಗಳನ್ನು ತೋರಿಸಬೇಕಾಗಿ ಬರಬಹುದಾದ್ದರಿಂದ ಪೆಟ್ಟಿಗೆಯನ್ನು ಚೆಕ್-ಇನ್‌ಗೆ ಕೊಡುವ ಮೊದಲೇ ಆ ಕೌಂಟರಿಗೆ ಹೋಗತಕ್ಕದ್ದು.