10093: ಲಿನಕ್ಸ್‌ನಲ್ಲಿ ಓಡೋ ಟೂಲ್ ನಿಮ್ಮ ವಿಂಡೋಸ್‌ನಲ್ಲಿ ಯಾಕೆ ಬೀಳುತ್ತೆ?

ಕೊಡಿಗೇನಹಳ್ಳಿಯಿಂದ ಮಾತಾಡ್ತಿದೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಕೇಳ್ತಿರೋರಲ್ಲಿ ಆ್ಯಪ್ ಬರೆಯೋದು ಕಲೀತಿರೋರೂ ಇದೀರಿ. ಇವತ್ತಿನ ವಿಷಯ ನಿಮಗೇ. ಒಂದು ನಂಬರ್ ಬರ್ಕೊಳ್ಳಿ: 10093.

ಮೊದಲು ರಿಮೋಟ್ ಡೀಬಗ್ಗಿಂಗ್ ಅಂದ್ರೇನು ನೋಡೋಣ. ಆ್ಯಪ್ ಓಡೋದು ಫೋನಲ್ಲಿ, ಅದರ ತಪ್ಪು ಹುಡುಕೋ ಟೂಲ್ ಇರೋದು ಲ್ಯಾಪ್‌ಟಾಪಲ್ಲಿ. ಇಲ್ಲಿ ನಿಲ್ಲು, ಈ ವೇರಿಯಬಲ್‌ನಲ್ಲಿ ಏನಿದೆ ತೋರಿಸು, ಮುಂದೆ ಹೋಗು ಅಂತ ಎರಡೂ ಮಾತಾಡ್ಕೋಬೇಕು. ಆ ಮಾತುಕತೆಗೆ ಇರೋ ನೆಟ್‌ವರ್ಕ್ ಕಿಂಡಿಯೇ ಸಾಕೆಟ್. ಆಂಡ್ರಾಯ್ಡ್‌ನ ಎಡಿಬಿ ನಿಮ್ಮ ಲ್ಯಾಪ್‌ಟಾಪಲ್ಲಿ 5037ನೇ ಪೋರ್ಟ್‌ಗೆ ಕಿವಿಗೊಟ್ಟು ಕೂತಿರುತ್ತಲ್ಲ, ಅದೂ ಇಂಥದ್ದೇ ಕಿಂಡಿ.

ಇಂಥ ಒಂದು ಟೂಲನ್ನ ಯಾರೋ ಲಿನಕ್ಸ್ ಅಥವಾ ಮ್ಯಾಕ್ ಮುಂದೆ ಕೂತು ಸಿ ಭಾಷೆಯಲ್ಲಿ ಬರೀತಾರೆ. ಅವರಲ್ಲಿ ಚೆನ್ನಾಗಿ ಓಡುತ್ತೆ. ನೀವು ಸೆಕೆಂಡ್ ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದ್ರೆ ಕನೆಕ್ಷನ್ನೇ ಆಗಲ್ಲ. ಕೇಬಲ್ ಬದಲಾಯಿಸ್ತೀರಿ, ಡ್ರೈವರ್ ಹಾಕ್ತೀರಿ, ಆಂಟಿವೈರಸ್ ಆಫ್ ಮಾಡ್ತೀರಿ. ಕೊನೆಗೆ ಲ್ಯಾಪ್‌ಟಾಪೇ ಸರಿಯಿಲ್ಲ, ಇಲ್ಲಾಂದ್ರೆ ನಂಗೇ ಬರಲ್ಲ ಅಂತ ಕೈಬಿಡ್ತೀರಿ. ಎಷ್ಟೋ ಸಲ ಎರಡೂ ಕಾರಣ ಅಲ್ಲ.

ನಮ್ಮ ಬೋರ್‌ವೆಲ್ ಲೆಕ್ಕದಲ್ಲೇ ಹೇಳ್ತೀನಿ. ಆಟೋ ಸ್ಟಾರ್ಟರ್ ಇರೋ ತೋಟದಲ್ಲಿ ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಓಡುತ್ತೆ. ಇಲ್ಲದ ತೋಟದಲ್ಲಿ ಯಾರಾದ್ರೂ ಹೋಗಿ ಹಸಿರು ಬಟನ್ ಒತ್ತಬೇಕು. ಅದು ಗೊತ್ತಿಲ್ಲದೋರು ವಾಲ್ವ್ ತಿರುಗಿಸಿ ನೀರು ಬರ್ಲಿಲ್ಲ ಅಂದ್ರೆ ಬೋರೇ ಬತ್ತೋಯ್ತು ಅಂತ ಗಾಬರಿ ಬೀಳ್ತಾರೆ. ಲಿನಕ್ಸ್, ಮ್ಯಾಕ್‌ನಲ್ಲಿ ಸಾಕೆಟ್‌ಗೆ ಆಟೋ ಸ್ಟಾರ್ಟರ್ ಇದೆ. ವಿಂಡೋಸ್‌ನಲ್ಲಿ ಬಟನ್ ಒತ್ತಬೇಕು. ಆ ಬಟನ್ ಹೆಸರು ಡಬ್ಲ್ಯುಎಸ್‌ಎ ಸ್ಟಾರ್ಟಪ್. ಒತ್ತದೆ ಸಾಕೆಟ್ ಕೇಳಿದ್ರೆ ವಿಂಡೋಸ್ ಕೊಡೋ ಉತ್ತರವೇ 10093. ಅಂದ್ರೆ, ಇನ್ನೂ ಶುರುವೇ ಮಾಡಿಲ್ಲ. (ಬಿಕಾಂ ಮಾಡಿದೋರಿಗೆ: ಟ್ಯಾಲಿಯಲ್ಲಿ ಕಂಪನಿ ತೆರೆಯದೆ ವೋಚರ್ ಹಾಕೋಕೆ ಹೋದ ಹಾಗೆ.)

ಯಾಕೆ ಹೀಗೆ? ಸಾಕೆಟ್ 1983ರಲ್ಲಿ ಬರ್ಕ್ಲಿ ಯೂನಿಕ್ಸ್ ಜೊತೆ ಬಂತು, ಆಪರೇಟಿಂಗ್ ಸಿಸ್ಟಂ ಒಳಗೇ ಸೇರಿತ್ತು. ವಿಂಡೋಸ್ 3.1 ಕಾಲದಲ್ಲಿ ಇಂಟರ್ನೆಟ್ ಸಂಪರ್ಕದ ಸಾಫ್ಟ್‌ವೇರನ್ನ ಬೇರೆ ಕಂಪನಿಗಳಿಂದ ತಂದು ಹಾಕ್ಬೇಕಿತ್ತು. ಎಲ್ಲಕ್ಕೂ ಒಂದೇ ನಿಯಮ ಇರ್ಲಿ ಅಂತ 1992ರಲ್ಲಿ ವಿನ್‌ಸಾಕ್ ಮಾಡಿದ್ರು. ಪ್ರೋಗ್ರಾಂ ಮೊದಲು ನಂಗೆ ಈ ವರ್ಷನ್ ಬೇಕು ಅಂತ ಕೇಳ್ಬೇಕು, ಆಮೇಲೆ ಕೆಲಸ. ಆ ಪದ್ಧತಿ ಇವತ್ತಿಗೂ ಹೋಗಿಲ್ಲ.

ರಿಪೇರಿ ನಾಲ್ಕೈದು ಸಾಲು. ಮೇನ್ ಫಂಕ್ಷನ್ ಶುರುವಲ್ಲೇ, ಯಾವ ಸಾಕೆಟ್ ತೆರೆಯೋಕೂ ಮುಂಚೆ, ವಿಂಡೋಸ್‌ಗೆ ಮಾತ್ರ ಸೇರೋ ಹಾಗೆ ಇಫ್‌ಡೆಫ್ ಒಳಗೆ ಸ್ಟಾರ್ಟಪ್ ಕರೆದು 2.2 ವರ್ಷನ್ ಕೇಳಿ. ಸೊನ್ನೆ ವಾಪಸ್ ಬಂದ್ರೆ ಸರಿ. ಬೇರೇನಾದ್ರೂ ಬಂದ್ರೆ ಅದೇ ಎರರ್ ನಂಬರ್, ಅದನ್ನ ಸ್ಕ್ರೀನ್ ಮೇಲೆ ತೋರಿಸಿ. ಮುಗಿಸುವಾಗ ಡಬ್ಲ್ಯುಎಸ್‌ಎ ಕ್ಲೀನಪ್.

ನಿಜವಾಗ್ಲೂ ತಲೆ ತಿನ್ನೋದು ನಿನ್ನೆವರೆಗೆ ಓಡ್ತಿದ್ದ ಟೂಲ್ ಇವತ್ತು ಬಿದ್ದಾಗ. ಅದೇ ಪ್ರೋಗ್ರಾಂನಲ್ಲಿದ್ದ ಇನ್ಯಾವುದೋ ಲೈಬ್ರರಿ ಇಷ್ಟು ದಿನ ಬಟನ್ ಒತ್ತಿಕೊಡ್ತಿತ್ತು. ಅದನ್ನ ತೆಗೆದ್ರೆ, ಅಥವಾ ಶುರುವಾಗೋ ಕ್ರಮ ಬದಲಾದ್ರೆ, ಅಡಗಿದ್ದ ಬಗ್ ಹೊರಗೆ ಬರುತ್ತೆ. ಇನ್ನೊಂದು: ಎಷ್ಟು ಸಲ ಸ್ಟಾರ್ಟಪ್ ಕರೆದ್ರು ಅಂತ ವಿಂಡೋಸ್ ಲೆಕ್ಕ ಇಡುತ್ತೆ. ಒಬ್ಬರು ಒಂದು ಕ್ಲೀನಪ್ ಜಾಸ್ತಿ ಮಾಡಿದ್ರೆ ಇನ್ನೊಬ್ಬರ ಸಾಕೆಟ್ ಮಧ್ಯದಲ್ಲೇ ಸಾಯುತ್ತೆ. ಪೈಥಾನ್‌ನಲ್ಲಿ ಬರೆಯೋರು ಬಚಾವ್, ಅದರ ಸಾಕೆಟ್ ಮಾಡ್ಯೂಲ್ ಈ ಕೆಲಸ ತಾನೇ ಮಾಡ್ಕೊಳ್ಳುತ್ತೆ.

ವಿಂಡೋಸ್‌ನಲ್ಲಿ ಒಂದ್ಸಲಾನೂ ಓಡಿಸದೆ ವಿಂಡೋಸ್‌ಗೂ ಆಗುತ್ತೆ ಅಂತ ಬರೆಯೋದು ನನ್ನ ಪ್ರಕಾರ ಸೋಮಾರಿತನ. ಗಿಟ್‌ಹಬ್‌ನಲ್ಲಿ ಪಬ್ಲಿಕ್ ಪ್ರಾಜೆಕ್ಟ್‌ಗಳಿಗೆ ವಿಂಡೋಸ್ ಮೆಷಿನ್ ಮೇಲೆ ಪುಕ್ಕಟೆ ಟೆಸ್ಟ್ ಮಾಡೋ ಸೌಲಭ್ಯ ಇದೆ. ನಿಮಗೆ 10093 ಕಂಡ್ರೆ ಕೇಬಲ್ ಬಿಡಿ. ಎರರ್ ನಂಬರ್, ವಿಂಡೋಸ್ ವರ್ಷನ್, ಟೂಲ್ ವರ್ಷನ್, ಯಾವ ಕಮಾಂಡ್ ಕೊಟ್ಟಾಗ ಬಂತು, ಇಷ್ಟನ್ನ ಟೂಲ್ ಬರೆದೋರಿಗೆ ಕಳಿಸಿ. ಇಂಗ್ಲಿಷ್ ತಪ್ಪಿದ್ರೂ ಪರವಾಗಿಲ್ಲ, ನಂಬರ್ ತಪ್ಪಬಾರ್ದು.